ಕೆಂಚಿ ಮುಟ್ಟಿದ ಮಾಲು

ಮೊನ್ನೆ ಹಾಸನದ ನನ್ನ ಅಂಗಡಿಗೆ ಒಬ್ಬರು ಬಂದು ಬಾದಾಮಿ, ಗೋಡಂಬಿ ಎರಡೂ ಬೇಕೆಂದರು. ತೂಗುವಾಗ ಮಾತಿಗೆ ಮಾತು ಬಂದು, ಅದು ಮನೆಮಂದಿಗಲ್ಲ, ಸಾಕಿದ ನಾಯಿಗೆ ಎಂದು ತಿಳಿಯಿತು. ಹೇಳಿದ ಮಾತು ಕೇಳಿದಾಗಲೆಲ್ಲ ಅದರ ಬಾಯಿಗೆ ಒಂದೊಂದು ಹಾಕುತ್ತಾರಂತೆ. ನಾನು ತಕ್ಕಡಿಯಲ್ಲಿದ್ದದ್ದನ್ನು ತಿರುಗಿ ಡಬ್ಬಕ್ಕೆ ಸುರಿದೆ.

“ಬಾದಾಮಿ ಗಂಟಲಲ್ಲಿ ಕೂರುತ್ತೆ, ಬೇಡ. ಗೋಡಂಬಿ ಉಪ್ಪು ಹಾಕಿ ಹುರಿದದ್ದು, ಅದೂ ಬೇಡ. ಕೊಡಲೇಬೇಕು ಅಂದ್ರೆ ಕಡಲೆಕಾಯಿ ಬೀಜ ತಗೊಳ್ಳಿ. ಉಪ್ಪಿಲ್ಲದೆ ಹುರಿದದ್ದು, ಸಿಪ್ಪೆ ತೆಗೆದು, ಎರಡೋ ಮೂರೋ ಕಾಳು. ಕೊಡೋಕೆ ಮುಂಚೆ ಒಂದನ್ನ ಎರಡು ಬೇಳೆ ಮಾಡಿ ಒಳಗೆ ನೋಡಿ, ಮೂಸಿ” ಎಂದೆ.

ಅವರು ನಕ್ಕರು. “ಬಂದ ವ್ಯಾಪಾರಾನೇ ಕಳ್ಕೊಂಡ್ರಲ್ಲ ಸಾವ್ಕಾರ್ರೆ. ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟರು?”

ಯಾರೂ ಹೇಳಿಕೊಡಲಿಲ್ಲ. ಒಬ್ಬ ಮನುಷ್ಯನ ಪಕ್ಕದಲ್ಲಿ ನಿಂತು ನೋಡಿದೆ. ಆತ ತೀರಿಹೋಗಿ ಬಹಳ ಕಾಲವಾಯಿತು. ಅವರು ಕಡಲೆಕಾಯಿ ಕಟ್ಟಿಸಿಕೊಂಡು ಹೋದ ಮೇಲೆ ಆ ದಿನವೆಲ್ಲ ನನಗೆ ಲೆಕ್ಕದ ಕಡೆ ಗಮನವಿರಲಿಲ್ಲ.

ಆತನ ಹೆಸರು ಬರೆಯುವುದಿಲ್ಲ. ಮೊಮ್ಮಕ್ಕಳು ಅದೇ ಸೀಮೆಯಲ್ಲಿ ಮರ್ಯಾದೆಯಿಂದ ಬಾಳುತ್ತಿದ್ದಾರೆ. ಸಂತೆಯೆಲ್ಲ ಕರೆಯುತ್ತಿದ್ದಂತೆ ದಲ್ಲಾಳಣ್ಣ ಎಂದೇ ಬರೆಯುತ್ತೇನೆ.

ನಾನು ಆತನನ್ನು ಮೊದಲು ಕಂಡದ್ದು ಚನ್ನರಾಯಪಟ್ಟಣದ ಸಂತೆಯಲ್ಲಿ, ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು. ಹಾಸನದ ಒಂದು ಎಣ್ಣೆ ಗಿರಣಿಗೆ ಕಡಲೆಕಾಯಿ ಕೊಂಡು ಕಳಿಸುವ ಕೆಲಸವನ್ನು ಆಗತಾನೆ ಹಿಡಿದಿದ್ದೆ. ಪಿತ್ರಾರ್ಜಿತ ಎಂದು ನನಗೆ ಬಂದದ್ದು ನಾಲಿಗೆ ಒಂದೇ. ಆದರೆ ಆ ಸಂತೆಯಲ್ಲಿ ನಾಲಿಗೆಗೆ ಕೆಲಸವಿರಲಿಲ್ಲ. ದಲ್ಲಾಳಿ ತನ್ನ ಹೆಗಲ ಮೇಲಿನ ವಲ್ಲಿಯನ್ನು ಕೈಮೇಲೆ ಹೊದಿಸಿಕೊಂಡು, ಅದರ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿಯುತ್ತಿದ್ದ. ಯಾವ ಬೆರಳನ್ನು ಹೇಗೆ ಒತ್ತಿದರೆ ಏನು ಬೆಲೆ ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತಾಗುತ್ತಿತ್ತು. ಸುತ್ತ ನಿಂತವರಿಗೆ ಬಟ್ಟೆ ಅಲ್ಲಾಡುವುದಷ್ಟೇ ಕಾಣುತ್ತಿತ್ತು.

ದಲ್ಲಾಳಣ್ಣ ನನ್ನ ಬೆರಳು ಹಿಡಿದವನೇ ಬಿಟ್ಟುಬಿಟ್ಟ.

“ಕೈ ಒರೆಸ್ಕೊ ತಮ್ಮಾ. ಬೆವರೋ ಕೈಗೆ ರೇಟು ಏರ್ತದೆ.”

ಅಂದಿನಿಂದ ಇಂದಿನವರೆಗೆ ನಾನು ವ್ಯಾಪಾರಕ್ಕೆ ಕೂರುವ ಮೊದಲು ಕೈ ಒರೆಸಿಕೊಳ್ಳುತ್ತೇನೆ. ಕೈ ಬೆವರದಿದ್ದರೂ ಅಷ್ಟು ಹೊತ್ತಿನಲ್ಲಿ ಮನಸ್ಸು ತಣ್ಣಗಾಗುತ್ತದೆ. ಹೊಸದಾಗಿ ಅಂಗಡಿ ಇಡುವವರು ಇದನ್ನು ನೆನಪಿಟ್ಟುಕೊಂಡರೆ ನಷ್ಟವಿಲ್ಲ.

ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಬೆಳಿಗ್ಗೆ ಹಣೆಯ ಮೇಲೆ ಢಾಳಾಗಿ ಹಚ್ಚಿದ ಈಬೂತಿ ಮಧ್ಯಾಹ್ನದ ಹೊತ್ತಿಗೆ ಬೆವರಿನಲ್ಲಿ ಇಳಿದು ಹುಬ್ಬಿನಲ್ಲಿ ಉಳಿಯುತ್ತಿತ್ತು. ಎಷ್ಟು ದಣಿದಿದ್ದರೂ ಮಾಲು ತುಂಬಿದ ಮೂಟೆಯ ಮೇಲೆ ಕೂರುತ್ತಿರಲಿಲ್ಲ. ಅನ್ನದ ಮೇಲೆ ಕುಂಡಿ ಇಡಬಾರದು ಎನ್ನುತ್ತಿದ್ದ. ಮೂಟೆಗೆ ಕೈಹಾಕಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ಕಣ್ಣು ಮುಚ್ಚುತ್ತಿದ್ದ. ಒಣಗಿದ ಕಾಯಿಯಾದರೆ ಕಾಳು ಗಲಗಲ ಅನ್ನುತ್ತದೆ. ಅಷ್ಟಾದರೂ ಆತ ಮಾಲನ್ನು ಹೊಗಳಿದ್ದಾಗಲಿ ಹಳಿದದ್ದಾಗಲಿ ನಾನು ಕೇಳಲಿಲ್ಲ.

“ಸುಳ್ಳು ಏಳ್ಬ್ಯಾಡ ಕಣ್ಲಾ. ಸುಮ್ಕಿರು. ಸುಮ್ಕಿರೋದು ಸುಳ್ಳಲ್ಲ” ಎಂದು ನನಗೆ ಕಲಿಸಿದ. ಬಹಳ ದಿನ ನಾನು ಇದನ್ನು ದೊಡ್ಡ ಬುದ್ಧಿ ಎಂದುಕೊಂಡಿದ್ದೆ.

ಕೆಂಚಿ ಬಂದದ್ದು ಹೇಗೋ ಆತನಿಗೂ ಗೊತ್ತಿರಲಿಲ್ಲ. ಹಿರೀಸಾವೆ ಕಡೆಯಿಂದ ಬಂದ ಯಾವುದೋ ಗಾಡಿಯ ಅಚ್ಚಿನ ಕೆಳಗೆ ನೆರಳು ಹಿಡಿದು ಬಂದ ಕೆಂಪು ಬಣ್ಣದ ಹೆಣ್ಣುನಾಯಿ. ಗಾಡಿ ಹೋಯಿತು, ನಾಯಿ ಉಳಿಯಿತು. ಆತನ ಹೆಂಡತಿಗೆ, ನಾನು ಅತ್ತಿಗೆ ಎನ್ನುತ್ತಿದ್ದವಳಿಗೆ, ಅದು ಹೊಸಿಲು ಮುಟ್ಟುವುದೂ ಆಗದು. ಲಿಂಗಪೂಜೆಯ ಮನೆ, ಅಡುಗೆಮನೆಯ ಮಡಿ.

“ಎರಡು ಮಕ್ಳು ಸಾಕಿದ್ದು ಸಾಲ್ದು ಅಂತ ಇದನ್ ತಂದವ್ರೆ ನೋಡಪ್ಪ” ಅಂದಳು ನನ್ನೊಡನೆ.

“ಆ ಎರಡೂ ಮಾತು ಕೇಳ್ತಿರ್ಲಿಲ್ಲ, ಇದು ಕೇಳ್ತದೆ” ಅಂದ ದಲ್ಲಾಳಣ್ಣ.

ಕೆಂಚಿಗೆ ಕಡಲೆಕಾಯಿ ಎಂದರೆ ಪ್ರಾಣ. ಆತ ಕಾಯಿಯನ್ನು ಹೆಬ್ಬೆರಳಲ್ಲಿ ಒಡೆದು, ಬೀಜದ ಕೆಂಪು ಸಿಪ್ಪೆಯನ್ನು ಉಜ್ಜಿ ಊದಿ, ಬೋಳು ಕಾಳನ್ನು ಅಂಗೈಯಲ್ಲಿಟ್ಟು ಹಿಡಿಯುತ್ತಿದ್ದ. ಅವಳು ತುಟಿಯ ತುದಿಯಿಂದ ಎತ್ತಿಕೊಳ್ಳುತ್ತಿದ್ದಳು. ಇಡೀ ಕಾಯಿ ಎಸೆದವರನ್ನು ಬೈಯುತ್ತಿದ್ದ, ಸಿಪ್ಪೆ ಕರುಳಿಗೆ ಚುಚ್ಚುತ್ತದೆ ಎಂದು. ಒಮ್ಮೆ ಅರಕಲಗೂಡಿನಲ್ಲಿ ಬಳಗದ ಒಂದು ಮದುವೆಗೆ ನಾವೆಲ್ಲ ಹೋಗಿದ್ದೆವು. ಕೆಂಚಿ ಗಾಡಿಯ ಹಿಂದೆಯೇ ಬಂದಿದ್ದಳು. ಯಾರೋ ದೊಡ್ಡಸ್ತಿಕೆಗೆ ಅವಳಿಗೆ ಇಡೀ ಬಾದಾಮಿ ಹಾಕಿದರು. ಅದು ಗಂಟಲಲ್ಲಿ ಸಿಕ್ಕಿತು. ಅವಳು ಕತ್ತು ಚಾಚಿ ಮುಂಗಾಲಿನಿಂದ ಬಾಯಿ ಕೆರೆಯತೊಡಗಿದಳು. ಹೊಸ ರೇಷ್ಮೆ ಪಂಚೆ ಉಟ್ಟ ದಲ್ಲಾಳಣ್ಣ ಚಪ್ಪರದ ಕೆಳಗೆ ಮಂಡಿಯೂರಿ, ಅವಳ ಬಾಯೊಳಕ್ಕೆ ಬೆರಳು ಹಾಕಿ ಅದನ್ನು ತೆಗೆದ. ಬೀಗರು ಮೂಗು ಮುಚ್ಚಿಕೊಂಡರು. ಇನ್ನೊಮ್ಮೆ ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಪ್ರೀತಿಯಿಂದಲೇ ಉಪ್ಪು ಖಾರದ ಗೋಡಂಬಿ ಸುರಿದ. ಕೆಂಚಿ ಎತ್ತಿನ ಕಲ್ಲುಬಾನಿಯಲ್ಲಿ ನೀರು ಕುಡಿದೂ ಕುಡಿದೂ ವಾಂತಿ ಮಾಡಿಕೊಂಡು ಬಿದ್ದುಕೊಂಡಳು. ಆ ವ್ಯಾಪಾರಿಯ ಜೊತೆ ದಲ್ಲಾಳಣ್ಣ ಆ ವರ್ಷವೆಲ್ಲ ಮಾತು ಬಿಟ್ಟ.

ಇಷ್ಟು ಜೋಪಾನ ಮಾಡಿದವನ ಕೈಯಲ್ಲೇ ಅದು ಆಗಬೇಕಾಗಿತ್ತೆ?

ಅವಳು ಮಾಲು ನೋಡುವವಳಾದದ್ದು ಆಕಸ್ಮಿಕ. ಒಂದು ಸಂತೆಯಲ್ಲಿ ದಲ್ಲಾಳಣ್ಣ ಎದುರಿಗಿದ್ದ ಮೂಟೆಯಿಂದಲೇ ಒಂದು ಕಾಳು ಬಿಡಿಸಿ ಕೊಟ್ಟ. ಕೆಂಚಿ ಮೂಸಿದಳು, ಮುಖ ತಿರುಗಿಸಿದಳು. ಇನ್ನೊಂದು ಕೊಟ್ಟರೂ ಅದೇ. ಪಕ್ಕದ ಮೂಟೆಯದನ್ನು ಕೊಟ್ಟರೆ ತಿಂದಳು. ಆತ ಮೊದಲಿನ ಮೂಟೆಯನ್ನು ಬುಡದವರೆಗೆ ಬಿಚ್ಚಿಸಿದ. ಮೇಲೆ ಚೆನ್ನಾಗಿದ್ದ ಕಾಯಿ ಒಳಗೆ ಬೂಸಲು ಹಿಡಿದಿತ್ತು. ಸಂತೆ ಇದನ್ನು ನೋಡಿತು. ಮುಂದಿನ ಸಂತೆಯಲ್ಲಿ ಕೊಳ್ಳುವವರೇ ಕೇಳಿದರು: “ಕೆಂಚಿ ಮುಟ್ಟವ್ಳಾ?” ಅಲ್ಲಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಮೂಟೆ ಬಿಚ್ಚು, ಒಂದು ಕಾಳು ಕೆಂಚಿಗೆ, ಅವಳು ತಿಂದರೆ ವಲ್ಲಿಯ ಕೆಳಗೆ ಕೈ, ತಿನ್ನದಿದ್ದರೆ ಮೂಟೆ ಕಟ್ಟು. ನಾಯಿ ತಿಂದದ್ದು ಕೆಟ್ಟದ್ದಾಗಿರಲಾರದು ಎಂದು ಮಾರುವವರು, ಕೊಳ್ಳುವವರು, ನಾನು, ಎಲ್ಲರೂ ನಂಬಿದೆವು.

“ಅಮಲ್ದಾರ್ರು ಬಂದ್ರೂ ಇಂಗೆ ಎದ್ ನಿಲ್ಲಲ್ಲ ಕಣ್ಲಾ ಜನ” ಎಂದು ಒಬ್ಬ ಹೇಳಿದರೆ, ಇನ್ನೊಬ್ಬ, “ಅಮಲ್ದಾರ್ರಿಗೆ ಒಂದ್ ಕಾಳಲ್ಲಿ ಒಟ್ಟೆ ತುಂಬಲ್ವಲ್ಲ” ಅನ್ನುತ್ತಿದ್ದ. ದಲ್ಲಾಳಣ್ಣನಿಗೆ ಒಳಗೊಳಗೇ ಹೆಮ್ಮೆ. ಆತ ಮಾಲಿನ ಬಗ್ಗೆ ಬಾಯಿ ಬಿಡಬೇಕಾದ ಅಗತ್ಯವೇ ತಪ್ಪಿತು.

ಯುದ್ಧ ಬಂತು. ರಾಗಿಯನ್ನು ಸರ್ಕಾರ ಲೆವಿ ಎಂದು ಕಡ್ಡಾಯವಾಗಿ ಎತ್ತಿಕೊಳ್ಳುತ್ತಿತ್ತು. ಸೀಮೆಎಣ್ಣೆ, ಬಟ್ಟೆ ಎಲ್ಲದರ ದುಡ್ಡಿಗೂ ಜನ ಕಡಲೆಕಾಯಿಯ ಕಡೆ ನೋಡಬೇಕಾಯಿತು. ಅಂಥದ್ದರಲ್ಲಿ ಒಂದು ವರ್ಷ ಗಿಡ ಕಿತ್ತ ಹೊತ್ತಿಗೆ ಸರಿಯಾಗಿ ಮಳೆ ಹಿಡಿದು ಬಿಡಲೇ ಇಲ್ಲ. ಕಣದಲ್ಲಿ ರಾಶಿ ನೆನೆಯಿತು. ಒಣಗಿಸಲು ಬಿಸಿಲಿಲ್ಲ. ಹಸಿ ಕಾಯನ್ನೇ ಮೂಟೆಗೆ ತುಂಬಿ ಸಂತೆಗೆ ಹೊತ್ತುತಂದರು. ಒಡೆದರೆ ಕಾಳಿನ ಮೇಲೆ ಹಸಿರು ಹುಡಿ, ಬೇಳೆಯ ನಡುವೆ ಹಳದಿ, ಹಳೇ ಗೋಣಿಯ ಮುಗ್ಗಲು ವಾಸನೆ.

ಆ ವರ್ಷದ ಮೊದಲ ಸಂತೆಯಲ್ಲಿ ಕೆಂಚಿ ಒಂದಾದ ಮೇಲೊಂದು ಮೂಟೆಗೆ ಮುಖ ತಿರುಗಿಸಿದಳು. ಜನ ಗದ್ದಲ ಮಾಡಲಿಲ್ಲ. ಮೂಟೆ ಕಟ್ಟಿ ಅಲ್ಲೇ ನಿಂತರು. ಅವರಲ್ಲಿ ಹಿರೀಸಾವೆ ಕಡೆಯ ಒಬ್ಬಳು ಹೆಂಗಸು. ಗಂಡ ಸತ್ತವಳು. ಸಣ್ಣ ಮೂಟೆಯೊಂದನ್ನು ತಲೆಯ ಮೇಲೆ ಹೊತ್ತು ತಂದಿದ್ದಳು.

“ಅಣ್ಣಯ್ಯ, ಇನ್ನೊಂದ್ ಕಾಳು ಕೊಟ್ ನೋಡು. ಅವ್ವನಂಗೆ ಅವ್ಳೆ, ತಿಂತಾಳೆ” ಅಂದಳು. “ಇದನ್ ವಾಪಸ್ ಒತ್ಕೊಂಡು ಯಾವ್ ಮುಕ ಇಟ್ಕೊಂಡು ಮನೆಗೋಗ್ಲಿ?”

ದಲ್ಲಾಳಣ್ಣ ಇನ್ನೊಂದು ಕಾಳು ಬಿಡಿಸಿದ. ಸಿಪ್ಪೆ ಉಜ್ಜಿದ. ಅಂಗೈ ಹಿಡಿದು, “ತಿನ್ನು ನಮ್ಮವ್ವ, ತಿನ್ನು ಬಂಗಾರ” ಅಂದ. ಕೆಂಚಿ ಕಾಳನ್ನು ಮೂಸಿದಳು. ಆಮೇಲೆ ತಲೆಯೆತ್ತಿ ಆತನ ಮುಖ ನೋಡಿದಳು. ಬಾಲ ಒಂದು ಸಲ ಆಡಿತು. ತಿಂದಳು.

ಆ ದಿನ ಕಟ್ಟಿದ ಮೂಟೆಗಳೆಲ್ಲ ಮತ್ತೆ ಬಿಚ್ಚಿದವು. ಆತ ಮಾಡಿದ್ದು ಯಾರ ದುಡ್ಡಿನ ಆಸೆಗೂ ಅಲ್ಲ. ಬಂದವರನ್ನು ಹೊರೆಯೊಂದಿಗೆ ತಿರುಗಿ ಕಳಿಸಲು ಆತನಿಗೆ ಆಗಲಿಲ್ಲ. ಆತ ಒಂದು ಮಾತೂ ಸುಳ್ಳು ಹೇಳಲಿಲ್ಲ. ಕೆಂಚಿ ತಿಂದಳು, ಆತ ಸುಮ್ಮನಿದ್ದ. ಸಂತೆಯಿಂದ ಸಂತೆಗೆ ಹೀಗೇ ನಡೆಯಿತು. ನಡುವಿನ ದಿನಗಳಲ್ಲಿ ಮನೆಯ ಜಗಲಿಗೇ ಮೂಟೆ ತರುವವರು ಶುರುವಾದರು.

ಹಾಸನದಲ್ಲಿ ಗಿರಣಿಯವರು ನನ್ನನ್ನು ಕರೆಸಿ, ಎಣ್ಣೆ ಕಹಿ ಬರುತ್ತಿದೆ, ಏನು ಕೊಳ್ಳುತ್ತಿದ್ದೀಯ ಎಂದು ಕೇಳಿದರು. ನಾನು ನೇರ ಚನ್ನರಾಯಪಟ್ಟಣಕ್ಕೆ ಹೋದೆ. ಜಗಲಿಯ ಮೇಲೆ ಆತ ಯಾರದೋ ಮೂಟೆ ಬಿಚ್ಚಿಸಿಕೊಂಡು ಕೂತಿದ್ದ. ಕೆಂಚಿ ಎದುರಿಗಿದ್ದಳು. ಸ್ವಲ್ಪ ಹೊತ್ತು ನಿಂತು ನೋಡಿದೆ.

“ಅಣ್ಣಾ, ಅವಳು ಕಾಳು ನೋಡ್ತಾ ಇಲ್ಲ. ನಿನ್ ಮುಖ ನೋಡ್ತಾ ಅವ್ಳೆ” ಅಂದೆ.

“ಸುಮ್ಕಿರ್ಲಾ.”

“ಬೂಸಲು ಕಾಳು ಕಣಣ್ಣ. ನಾಳೆ ಅವಳಿಗೆ ಏನಾದ್ರೂ ಆದ್ರೆ?”

“ನಾಯಿ ಜಾತಿ ಕಣ್ಲಾ. ಕಲ್ ತಿಂದು ಕರಗಿಸ್ತವೆ. ದನ ಕಡ್ಲೆ ಇಂಡಿ ತಿನ್ನಲ್ವಾ? ಅದೇನು ಬಂಗಾರದ್ ಕಾಳಲ್ ಮಾಡಿದ್ದಾ?”

ಒಳಗಿಂದ ಅತ್ತಿಗೆ ಅಂದಳು, “ಅವನು ಏಳೋದ್ರಲ್ಲಿ ಏನ್ ತಪ್ಪದೆ? ನಾಕ್ ದಿನದಿಂದ ಅದು ನಾನ್ ಹಾಕಿದ್ ಮುದ್ದೆ ಮುಟ್ಟಿಲ್ಲ.”

ದಲ್ಲಾಳಣ್ಣ ತಲೆ ತಗ್ಗಿಸಿ ಇನ್ನೊಂದು ಕಾಯಿ ಒಡೆದ. ಆದರೆ ಆ ಕಾಳನ್ನು ಕೊಡಲಿಲ್ಲ. ಕೈಯಲ್ಲೇ ಇಟ್ಟುಕೊಂಡು ಕೂತ.

ನನ್ನ ಮಾತು ತಡವಾಗಿತ್ತು. ಕೆಂಚಿಯ ಕಣ್ಣಿನ ಬಿಳುಪು ಅರಿಶಿನ ಹಚ್ಚಿದ ಹಾಗೆ ಆಯಿತು. ಒಸಡೂ ಹಳದಿ. ಹೊಟ್ಟೆ ಉಬ್ಬಿ ಬೆನ್ನು ಎಲುಬಾಯಿತು. ದಲ್ಲಾಳಣ್ಣ ಅವಳನ್ನು ತನ್ನ ವಲ್ಲಿಯಲ್ಲಿ ಸುತ್ತಿಕೊಂಡು ಹಾಸನದ ದನದ ಆಸ್ಪತ್ರೆಗೆ ಹೊರಟ. ನಾನೂ ಜೊತೆಗಿದ್ದೆ. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು. ಕಂಡಕ್ಟರು ನಾಯಿಗೂ ಟಿಕೀಟು ಆಗಬೇಕು ಎಂದ. ಗಾಡಿ ಬಾಡಿಗೆಯಿಂದ ವೀಳ್ಯದೆಲೆಯವರೆಗೆ ಚೌಕಾಶಿ ಮಾಡದೆ ಏನನ್ನೂ ಕೊಳ್ಳದ ಮನುಷ್ಯ, ಕೇಳಿದಷ್ಟನ್ನು ಮಾತಿಲ್ಲದೆ ಕೊಟ್ಟ. ನನಗೆ ಆಗ ಹೆದರಿಕೆಯಾಯಿತು.

ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಅವಳ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು.

“ಈಲಿ ಕೆಟ್ಟಿದೆ, ಲಿವರ್ರು. ಏನು ತಿನ್ನಿಸ್ತಿದ್ರಿ?”

“ಕಡ್ಲೆಕಾಯಿ ಸಾ.”

“ಕಡಲೆಕಾಯಿ ತಿಂದು ಹೀಗಾಗೋದಿಲ್ಲ. ಎಂಥ ಕಡಲೆಕಾಯಿ?”

ದಲ್ಲಾಳಣ್ಣ ಜೇಬಿಗೆ ಕೈ ಹಾಕಿದ. ಜೇಬಿನಲ್ಲಿ ಸದಾ ನಾಲ್ಕು ಕಾಯಿ ಇರುತ್ತಿದ್ದವು. ಡಾಕ್ಟರು ಒಂದನ್ನು ಒಡೆದು ಬೆಳಕಿಗೆ ಹಿಡಿದು, ಮೂಸಿ, ಕೆಳಗಿಟ್ಟರು.

“ಇಂಥ ಬೂಸಲು ಮೇವು ತಿಂದು ಕುದುರೆ ಸತ್ತದ್ದು ಕಂಡಿದ್ದೇನೆ. ಎಷ್ಟು ತಿನ್ನಿಸಿದ್ದೀರಿ?”

“ಮೂಟೆಗೊಂದು ಕಾಳು ಸಾ.”

“ಎಷ್ಟು ಮೂಟೆ?”

ಆತ ಬೆರಳು ಮಡಿಸುತ್ತ ಎಣಿಸತೊಡಗಿದ, ಎರಡೂ ಕೈಯ ಬೆರಳು ಸಾಲಲಿಲ್ಲ. ಡಾಕ್ಟರು ಮತ್ತೆ ಕೇಳಲಿಲ್ಲ. ಔಷಧಿ ಕೊಟ್ಟು, “ಗಂಜಿ ಕುಡಿಸಿ, ದೇವರಿದ್ದಾನೆ” ಎಂದರು. ಡಾಕ್ಟರು ದೇವರ ಹೆಸರು ಎತ್ತಿದರೆ ಏನರ್ಥ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಈಗ ಓದಿದವರು ಆ ಬೂಸಲಿನ ವಿಷಕ್ಕೆ ಒಂದು ಹೆಸರು ಕೊಟ್ಟಿದ್ದಾರೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲವಂತೆ. ಆಗ ಹೆಸರು ಇರಲಿಲ್ಲ, ವಿಷ ಇತ್ತು. ನಾಯಿ ಸಾಕಿದವರು ದಯವಿಟ್ಟು ಕೇಳಿಸಿಕೊಳ್ಳಿ. ಮುಗ್ಗಿದ ಕಾಳನ್ನು, ಸುಕ್ಕಿದ ಕಾಳನ್ನು ‘ನಾಯಿಗಾಯಿತು’ ಎಂದು ಎತ್ತಿಡಬೇಡಿ. ನೀವು ಬಾಯಿಗೆ ಹಾಕಿಕೊಳ್ಳದ್ದನ್ನು ಅದರ ಬಾಯಿಗೂ ಹಾಕಬೇಡಿ. ಅದು ತಿಂದಿತು ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಕೊಟ್ಟ ಕೈ ಯಾರದೆಂದು ನೋಡಿ ತಿನ್ನುವ ಪ್ರಾಣಿ ಅದು.

ಊರಿಗೆ ಬಂದ ಮೇಲೆ ಅತ್ತಿಗೆ ಕೆಂಚಿಯನ್ನು ವಲ್ಲಿಯ ಸಮೇತ ಎತ್ತಿಕೊಂಡು ಹೊಸಿಲು ದಾಟಿ, ಒಲೆಯ ಪಕ್ಕದಲ್ಲಿ ಮಲಗಿಸಿದಳು. ಅಕ್ಕಿಯ ಗಂಜಿಯನ್ನು ಬೆರಳಲ್ಲಿ ಅದ್ದಿ ತುಟಿಗೆ ಸವರಿದಳು. ಕೆಂಚಿ ನುಂಗಲಿಲ್ಲ. ಮಾರನೆಯ ಮಧ್ಯಾಹ್ನ ನಾನು ಹೋದಾಗ ಉಸಿರು ಮಾತ್ರ ಆಡುತ್ತಿತ್ತು. ದಲ್ಲಾಳಣ್ಣ ಪಕ್ಕದಲ್ಲಿ ಕೂತು ಅವಳ ತಲೆ ಸವರಲೆಂದು ಕೈ ಚಾಚಿದ. ಅಂಗೈ ಅವಳ ಮೂಗಿನ ಮುಂದೆ ಬಂತು. ಬರಿಗೈ. ಕೆಂಚಿ ಕಣ್ಣು ಬಿಟ್ಟಳು. ಆತನ ಮುಖ ನೋಡಿ, ಆ ಖಾಲಿ ಅಂಗೈಯಿಂದ ಏನನ್ನೋ ತುಟಿಯ ತುದಿಯಲ್ಲಿ ಎತ್ತಿಕೊಂಡವಳ ಹಾಗೆ ಮಾಡಿ, ಅಗಿಯತೊಡಗಿದಳು.

ದಲ್ಲಾಳಣ್ಣ ಕೈ ಹಿಂದಕ್ಕೆ ಎಳೆದುಕೊಂಡು ಎದ್ದುಹೋದ. ಅವಳ ಉಸಿರು ನಿಂತಾಗ ಆತ ಹಿತ್ತಲಲ್ಲಿದ್ದ. ಅತ್ತಿಗೆಯೇ ಕಣ್ಣು ಮುಚ್ಚಿದಳು.

ಆತ ಕಡೆಗೆ ದಲ್ಲಾಳಿಕೆ ಬಿಟ್ಟದ್ದು, ಹೊಳೆನರಸೀಪುರದಲ್ಲಿ ಮಗಳ ಮನೆ ಸೇರಿದ್ದು, ಅಲ್ಲೇ ಕಣ್ಣುಮುಚ್ಚಿದ್ದು ಎಲ್ಲ ಆಮೇಲಿನ ಮಾತು. ಜಗಳವಿಲ್ಲದೆ, ಒಬ್ಬೊಬ್ಬರಾಗಿ ಜನ ಬೇರೆ ದಲ್ಲಾಳಿಗಳ ಕಡೆ ಹೋದರು. ಆದರೆ ಆತನನ್ನು ನೆನೆದಾಗ ನನ್ನ ಕಣ್ಣಿಗೆ ಬರುವುದು ಕೆಂಚಿಯನ್ನು ಮಣ್ಣು ಮಾಡಿದ ಮೇಲಿನ ಮೊದಲ ಸಂತೆ.

ಆತ ಬರುವುದಿಲ್ಲ ಎಂದುಕೊಂಡಿದ್ದೆವು, ಬಂದ. ಜನ ಎಂದಿನಂತೆ ಮೂಟೆ ಬಿಚ್ಚಿಕೊಂಡು ಕಾಯುತ್ತಿದ್ದರು. ಒಬ್ಬಾತ ಬೀದಿಯ ಕರಿನಾಯಿಯೊಂದನ್ನು ಹಗ್ಗ ಕಟ್ಟಿ ಎಳೆದು ತಂದಿದ್ದ.

“ಇದ್ಕೂ ಮೂಗದೆ ಕಣಣ್ಣ. ಒಂದೆರಡ್ ಸಂತೆ ಕಳೆದ್ರೆ ಪಳಗ್ತದೆ.”

ದಲ್ಲಾಳಣ್ಣ ಬಗ್ಗಿ ಹಗ್ಗ ಬಿಚ್ಚಿದ. ನಾಯಿ ಓಡಿತು. ಹಗ್ಗವನ್ನು ಸುತ್ತಿ ಅವನ ಕೈಗೇ ಕೊಟ್ಟು, ಮೊದಲ ಮೂಟೆಯ ಮುಂದೆ ಕೂತ. ಕಾಯಿ ಒಡೆದ, ಸಿಪ್ಪೆ ಉಜ್ಜಿ ಊದಿದ, ಕಾಳನ್ನು ತನ್ನ ಬಾಯಿಗೇ ಹಾಕಿಕೊಂಡು ಅಗಿದ. ಮಗ್ಗುಲಿಗೆ ತಿರುಗಿ ಉಗುಳಿದ. “ಬೂಸಲು” ಅಂದ. ಅಷ್ಟು ವರ್ಷಗಳಲ್ಲಿ ಆತ ಮಾಲಿನ ಬಗ್ಗೆ ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಎರಡನೆಯ ಮೂಟೆ, ಬೂಸಲು. ಮೂರನೆಯದು ಹಿರೀಸಾವೆ ಕಡೆಯ ಆ ಹೆಂಗಸಿನದು. ಅದನ್ನೂ ಅಗಿದ, ಉಗುಳಿದ.

“ಅಣ್ಣಯ್ಯ, ಅದೇ ರಾಶೀದು. ಅವತ್ತು ಕೆಂಚವ್ವ ತಿಂದ್ಲಲ್ಲ” ಅಂದಳು ಅವಳು.

“ತಿಂದ್ಲು.”

“ಅಂಗಿದ್ರೆ ನೀನೂ ಚೆಂದಾಗದೆ ಅಂತ ಒಂದ್ ಮಾತ್ ಅಂದ್ಬುಡು. ನಿನ್ ಬಾಯಿ, ಯಾರ್ ಕೇಳ್ತಾರೆ?”

ದಲ್ಲಾಳಣ್ಣ ಬಾಯಿ ಒರೆಸಿಕೊಂಡ. ಅವಳ ಮುಖ ನೋಡದೆ ಹೇಳಿದ.

“ನನ್ ಬಾಯಿ ನನ್ ಮಾತು ಕೇಳಲ್ಲ ಕಣವ್ವ. ಅವಳು ಕೇಳ್ತಿದ್ಲು.”

ಅವಳು ಮೂಟೆಯ ಬಾಯಿ ಕಟ್ಟಿದಳು. ದಲ್ಲಾಳಣ್ಣ ಎದ್ದು, ವಲ್ಲಿಯನ್ನು ಸಿಂಬಿ ಸುತ್ತಿ ಅವಳ ತಲೆಯ ಮೇಲಿಟ್ಟು, ಆ ಮೂಟೆಯನ್ನು ತಾನೇ ಎತ್ತಿ ಅದರ ಮೇಲೆ ಕೂರಿಸಿದ. ಭಾರ ಸರಿಯಾಗಿ ಕೂತಿತೇ ಎಂದು ನೋಡಿ ಕೈ ಬಿಟ್ಟ. ಅವಳು ಹಿರೀಸಾವೆಯ ದಾರಿ ಹಿಡಿದಳು. ಹೆಗಲು ಬರಿದಾಗಿ, ಆತ ಮುಂದಿನ ಮೂಟೆಯ ಹತ್ತಿರ ಹೋಗಿ ಕೂತ.